ಹೆಚ್ಚು ಓಡಿದ ಪಿಕಪ್ ವಾಹನವನ್ನು ಕೊಳ್ಳುವ ಮುನ್ನ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಕೆಡದಂತೆ ಸಕಾಲದಲ್ಲಿ ಮಾರುಕಟ್ಟೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಹೊಸಕೋಟೆ, ಮಾಲೂರು, ಕೋಲಾರ, ಚಿಂತಾಮಣಿಗಳ ಕಡೆಯಿಂದ ಟೊಮ್ಯಾಟೊ, ಹುರುಳಿಕಾಯಿ, ಸೊಪ್ಪು ಮತ್ತು ಹೂವು ಬೆಂಗಳೂರಿನ ಪೂರ್ವ ಭಾಗಕ್ಕೆ ಬರುತ್ತವೆ. ಕೆ.ಆರ್.ಪುರದ ಸಂತೆ, ಹಲಸೂರಿನ ಮಾರುಕಟ್ಟೆ, 1933ರಲ್ಲಿ ಉದ್ಘಾಟನೆಯಾದ ಶಿವಾಜಿನಗರದ ರಸೆಲ್ ಮಾರುಕಟ್ಟೆ, ಇವೆಲ್ಲಕ್ಕೂ ಮಾಲು ಬೆಳಗಿನ ಜಾವಕ್ಕೇ ಮುಟ್ಟಬೇಕು. ಬಾಡಿಗೆ ಗಾಡಿ ಎರಡು ಗಂಟೆ ತಡವಾದರೆ ಒಳ್ಳೆಯ ಧಾರಣೆ ಕೈತಪ್ಪುತ್ತದೆ. ಆದ್ದರಿಂದ ಸ್ವಂತ ಗಾಡಿ ಇರಬೇಕೆಂದು ರೈತರು ಬಯಸುವುದು ಸಹಜ.

2005ರಲ್ಲಿ ಟಾಟಾ ಏಸ್ ಬಂದ ನಂತರ ಸಣ್ಣ ಸರಕು ವಾಹನಗಳು ಹಳ್ಳಿಹಳ್ಳಿಗೂ ಪರಿಚಿತವಾದವು. ಮಹೀಂದ್ರ ಬೊಲೆರೊ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದವು ಇನ್ನೂ ಹೆಚ್ಚಿನ ಭಾರ ಹೊರುವಂಥವು. ಹೊಸ ಗಾಡಿಯ ಬೆಲೆ ಎಲ್ಲರ ಕೈಗೂ ಎಟುಕುವುದಿಲ್ಲ. ನಗರದಲ್ಲಿ ಆರೆಂಟು ವರ್ಷ ದುಡಿದ ಗಾಡಿ ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗಬಹುದು. ಅಂಥ ಗಾಡಿ ಒಂದು, ಒಂದೂವರೆ, ಎರಡು ಲಕ್ಷ ಕಿ.ಮೀ. ಓಡಿರುತ್ತದೆ. ಅಷ್ಟು ಓಡಿದೆ ಎಂಬ ಕಾರಣಕ್ಕೇ ಗಾಡಿ ಕೆಟ್ಟದ್ದೆಂದು ಹೇಳಲಾಗದು. ಕಡಿಮೆ ಓಡಿದೆ ಎಂದು ಒಳ್ಳೆಯದೆಂದೂ ಹೇಳಲಾಗದು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡಿ ವಯಸ್ಸು ತಿಳಿದುಕೊಳ್ಳುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ ನಡೆಸಿ, ಹೆಗಲು ಮುಟ್ಟಿ, ನೊಗ ಹೂಡಿ ನೋಡುತ್ತಾನೆ. ಗಾಡಿಯ ಮೀಟರು ಎತ್ತಿನ ಹಲ್ಲಿದ್ದಂತೆ. ಅದು ಪರೀಕ್ಷೆಯ ಆರಂಭ ಮಾತ್ರ.

ಕಿಲೋಮೀಟರಿನ ಜೊತೆಗೆ ಗಂಟೆಯ ಲೆಕ್ಕ

ಟ್ರ್ಯಾಕ್ಟರಿನ ಸವೆತವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ದುಡಿದ ಗಂಟೆಗಳಲ್ಲಿ ಅಳೆಯುತ್ತಾರೆ ಎಂಬುದು ರೈತರಿಗೆ ಗೊತ್ತೇ ಇದೆ. ಅದಕ್ಕೆಂದೇ ಟ್ರ್ಯಾಕ್ಟರಿನಲ್ಲಿ ಗಂಟೆಯ ಮೀಟರು ಇರುತ್ತದೆ. ಪಿಕಪ್ ವಾಹನದ ಎಂಜಿನ್ನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸಿಗ್ನಲಿನಲ್ಲಿ ನಿಂತಿದ್ದಾಗ ಕಿಲೋಮೀಟರು ಏರುವುದಿಲ್ಲ, ಆದರೆ ಎಂಜಿನ್ನು ತಿರುಗುತ್ತಲೇ ಇರುತ್ತದೆ.

ಉದಾಹರಣೆಗೆ ಎರಡು ಗಾಡಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ಕೋಲಾರ ಮತ್ತು ಬೆಂಗಳೂರಿನ ನಡುವೆ ಹೆದ್ದಾರಿಯಲ್ಲಿ ತರಕಾರಿ ಸಾಗಿಸಿದ್ದು. ಮೀಟರಿನಲ್ಲಿ 1,80,000 ಕಿ.ಮೀ. ಇದೆ. ಅದರ ಸರಾಸರಿ ವೇಗ ಗಂಟೆಗೆ 45 ಕಿ.ಮೀ. ಎಂದು ಹಿಡಿದರೆ ಎಂಜಿನ್ನು ತಿರುಗಿದ್ದು 4,000 ಗಂಟೆ. ಎರಡನೆಯದು ಹಲಸೂರು, ಇಂದಿರಾನಗರ, ಟಿನ್ ಫ್ಯಾಕ್ಟರಿಗಳ ನಡುವೆ ಅಂಗಡಿ ಸಾಮಾನು ಹಂಚಿದ್ದು. ಮೀಟರಿನಲ್ಲಿ 90,000 ಕಿ.ಮೀ. ಮಾತ್ರ. ಆದರೆ ಗಂಟೆಗೆ 15 ಕಿ.ಮೀ. ವೇಗದ ಸಂಚಾರದಲ್ಲಿ ಅದು ತಿರುಗಿದ್ದು 6,000 ಗಂಟೆ. ಅಂದರೆ ಅರ್ಧದಷ್ಟೇ ಓಡಿದ ಗಾಡಿಯ ಎಂಜಿನ್ನು ಒಂದೂವರೆ ಪಟ್ಟು ದುಡಿದಿದೆ. ಅದರ ಕ್ಲಚ್ಚು, ಗೇರು, ಬ್ರೇಕು ಮತ್ತು ಸ್ಟಾರ್ಟರು ಇನ್ನೂ ಹೆಚ್ಚು ಸವೆದಿರುತ್ತವೆ.

ಇದರಿಂದ ಸವೆತವನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುವುದು ಅನುಕೂಲ. ಎಂಜಿನ್ನು ಮತ್ತು ಕ್ಲಚ್ಚು ಮುಖ್ಯವಾಗಿ ಗಂಟೆಗೆ ಸವೆಯುತ್ತವೆ. ಟೈರು, ಚಕ್ರದ ಬೇರಿಂಗು ಮತ್ತು ಜಾಯಿಂಟುಗಳು ಕಿಲೋಮೀಟರಿಗೆ ಸವೆಯುತ್ತವೆ. ಛಾಸಿ, ಪ್ಲೇಟು ಸ್ಪ್ರಿಂಗು ಮತ್ತು ಹಿಂದಿನ ಆಕ್ಸೆಲ್ ಹೊತ್ತ ಭಾರಕ್ಕೆ ಸವೆಯುತ್ತವೆ. ಮೀಟರು ತೋರಿಸುವುದು ಇವುಗಳಲ್ಲಿ ಎರಡನೆಯದನ್ನು ಮಾತ್ರ. ಉಳಿದೆರಡನ್ನು ಕೇಳಿ, ನೋಡಿ ತಿಳಿಯಬೇಕು.

ಗಾಡಿ ಎಲ್ಲಿ, ಏನು ಹೊತ್ತಿತ್ತು?

ಬೆಂಗಳೂರಿನ ಪೂರ್ವ ಭಾಗದಿಂದ ಮಾರಾಟಕ್ಕೆ ಬರುವ ಗಾಡಿಗಳ ಹಿಂದಿನ ಕಸುಬು ಒಂದೇ ಬಗೆಯದಲ್ಲ. ಕಸುಬಿಗೆ ತಕ್ಕಂತೆ ನೋಡಬೇಕಾದ ಜಾಗವೂ ಬೇರೆಯಾಗುತ್ತದೆ.

1. ಶಿವಾಜಿನಗರ ಮತ್ತು ರಸೆಲ್ ಮಾರುಕಟ್ಟೆಯ ಸುತ್ತ ಮೀನು, ಮಾಂಸ, ಮಂಜುಗಡ್ಡೆ ಸಾಗಿಸಿದ ಗಾಡಿಗಳಲ್ಲಿ ಉಪ್ಪುನೀರು ಸದಾ ತೊಟ್ಟಿಕ್ಕುತ್ತಿರುತ್ತದೆ. ಮೇಲೆ ಹೊಸ ಬಣ್ಣ ಹೊಳೆಯುತ್ತಿದ್ದರೂ ಸರಕು ತೊಟ್ಟಿಯ ಅಡಿಭಾಗ, ಛಾಸಿಯ ಒಳಮಗ್ಗುಲು ಮತ್ತು ಬ್ರೇಕಿನ ಕೊಳವೆಗಳು ತುಕ್ಕು ಹಿಡಿದಿರಬಹುದು. ಗೊಬ್ಬರ ಹೊತ್ತ ಗಾಡಿಗೂ ಇದೇ ತೊಂದರೆ ಉಂಟು.

2. ಹಲಸೂರು ಮತ್ತು ಇಂದಿರಾನಗರದ ಕಡೆ ನೀರಿನ ಕ್ಯಾನು, ಪೀಠೋಪಕರಣ, ಮನೆ ಸಾಮಾನು ಸಾಗಿಸಿದ ಗಾಡಿಗಳು ದಿನವಿಡೀ ನಿಂತು, ಹೊರಟು, ಮತ್ತೆ ನಿಂತಿರುತ್ತವೆ. ಇವುಗಳಲ್ಲಿ ಮೊದಲು ಕ್ಲಚ್ಚು ಮತ್ತು ಬ್ರೇಕನ್ನು ಪರೀಕ್ಷಿಸಬೇಕು.

3. ಕೆ.ಆರ್.ಪುರ ಮತ್ತು ವೈಟ್‌ಫೀಲ್ಡ್ ಕಡೆ ಪಾರ್ಸೆಲ್ ಹಂಚಿದ ಗಾಡಿಗಳು ಸಾಮಾನ್ಯವಾಗಿ ಹಗುರವಾದ ಭಾರ ಹೊತ್ತಿರುತ್ತವೆ. ಛಾಸಿ ಚೆನ್ನಾಗಿರುವ ಸಂಭವ ಹೆಚ್ಚು. ಆದರೆ ಒಂದೇ ಗಾಡಿಯನ್ನು ಹಲವು ಚಾಲಕರು ಓಡಿಸಿದ್ದರೆ ಅದರ ಆರೈಕೆ ಯಾರದೂ ಆಗಿರುವುದಿಲ್ಲ. ಎಣ್ಣೆ ಬದಲಾಯಿಸಿದ ದಾಖಲೆಯನ್ನು ಕೇಳಬೇಕು.

4. ಮಾಲೂರಿನ ಕಡೆ ಇಟ್ಟಿಗೆ, ಹೆಂಚು ಹೊತ್ತ ಗಾಡಿಗಳನ್ನೂ ಮರಳು, ಜಲ್ಲಿ ಹೊತ್ತವುಗಳನ್ನೂ ಬಹಳ ಎಚ್ಚರಿಕೆಯಿಂದ ನೋಡಬೇಕು. ನಿಗದಿಗಿಂತ ಹೆಚ್ಚು ಭಾರ ಹೊತ್ತ ಗಾಡಿಯ ಬೆನ್ನು ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದು ಕಷ್ಟ.

5. ಹೆದ್ದಾರಿಯಲ್ಲಿ ತರಕಾರಿ, ಹಾಲು, ಹೂವು ಸಾಗಿಸಿದ, ಒಬ್ಬನೇ ಮಾಲೀಕ ತಾನೇ ಓಡಿಸಿದ ಗಾಡಿ ಎರಡು ಲಕ್ಷ ಕಿ.ಮೀ. ಓಡಿದ್ದರೂ ವಿಚಾರ ಮಾಡಲು ಯೋಗ್ಯವಾದದ್ದು.

ಈ ವಿವರ ಮಧ್ಯವರ್ತಿಯ ಬಾಯಿಂದ ಬರುವುದು ಕಡಿಮೆ. ಗಾಡಿ ಓಡಿಸಿದ ಚಾಲಕ ಸಿಕ್ಕರೆ "ಏನಣ್ಣ, ಇದಕ್ಕೆ ಏನು ಲೋಡು ಹಾಕ್ತಿದ್ರಿ, ಎಲ್ಲಿಂದ ಎಲ್ಲಿಗೆ?" ಎಂದು ಸಲಿಗೆಯಿಂದ ಕೇಳಿದರೆ ನಿಜ ಹೊರಬೀಳುತ್ತದೆ.

ಮೀಟರು ನಿಜವೇ?

ಈಗಿನ ಅಂಕಿಯ ಮೀಟರುಗಳನ್ನೂ ಹಿಂದಕ್ಕೆ ತಿರುಗಿಸುವವರಿದ್ದಾರೆ. ಇದನ್ನು ಕಂಡುಹಿಡಿಯಲು ಸರಳವಾದ ಗುಣಾಕಾರ ಸಾಕು. ಗಾಡಿಯನ್ನು ಎಂಟು ವರ್ಷ ದಿನವೂ ಕೋಲಾರದಿಂದ ಬೆಂಗಳೂರಿಗೆ ಓಡಿಸಲಾಗಿದೆ ಎಂದು ಮಾರುವವನು ಹೇಳಿದನೆನ್ನೋಣ. ಹೋಗಿಬರುವ ದೂರ ಸುಮಾರು 140 ಕಿ.ಮೀ. ವರ್ಷಕ್ಕೆ 300 ದಿನವೆಂದರೆ ಎಂಟು ವರ್ಷಕ್ಕೆ 3,36,000 ಕಿ.ಮೀ. ಆಗಬೇಕು. ಮೀಟರು 1,10,000 ತೋರಿಸುತ್ತಿದ್ದರೆ, ಮಾತಾದರೂ ಸುಳ್ಳು, ಮೀಟರಾದರೂ ಸುಳ್ಳು.

ಇದಲ್ಲದೆ ಪೆಡಲುಗಳ ರಬ್ಬರು, ಸ್ಟೀರಿಂಗಿನ ಹಿಡಿ, ಗೇರ್ ಕೋಲಿನ ಗುಬ್ಬಿ ಮತ್ತು ಚಾಲಕನ ಆಸನ ಎಷ್ಟು ಸವೆದಿವೆ ಎಂದು ನೋಡಬೇಕು. ಅರವತ್ತು ಸಾವಿರ ಕಿ.ಮೀ. ಓಡಿದ್ದೆಂಬ ಗಾಡಿಯ ಪೆಡಲು ಬೋಳಾಗಿದ್ದರೆ ಅನುಮಾನಪಡಬೇಕು. ಹೊಚ್ಚ ಹೊಸ ರಬ್ಬರು ಹಾಕಿದ್ದರೂ ಅನುಮಾನಪಡಬೇಕು. ಕಂಪನಿಯ ಸರ್ವಿಸ್ ಕೇಂದ್ರದ ಹಳೆಯ ಬಿಲ್ಲುಗಳಲ್ಲಿ ಆಯಾ ದಿನದ ಕಿಲೋಮೀಟರು ಬರೆದಿರುತ್ತದೆ. ಎರಡು ಮೂರು ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಸತ್ಯ ಗೊತ್ತಾಗುತ್ತದೆ.

ಎಂಜಿನ್ನಿನ ಪರೀಕ್ಷೆ

ಗಾಡಿ ನೋಡಲು ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಎಂಜಿನ್ನು ತಣ್ಣಗಿರುವಾಗಲೇ ಅದರ ದೋಷ ಬಯಲಾಗುತ್ತದೆ. ಹೋದ ಕೂಡಲೇ ಎಂಜಿನ್ನನ್ನು ಮುಟ್ಟಿ ನೋಡಬೇಕು. ಆಗಲೇ ಬಿಸಿಯಾಗಿದ್ದರೆ ಮಾರುವವನು ಮೊದಲೇ ಚಾಲೂ ಮಾಡಿ ಇಟ್ಟಿದ್ದಾನೆಂದು ತಿಳಿದು, ಇನ್ನೊಂದು ದಿನ ಬರುವುದು ಲೇಸು. ನಂಬಿಕೆಯ ಮೆಕ್ಯಾನಿಕ್ಕನ್ನು ತಮ್ಮ ಊರಿನಿಂದಲೇ ಕರೆದೊಯ್ಯಬೇಕು. ಅವನಿಗೆ ಕೊಡುವ ಒಂದು ದಿನದ ಕೂಲಿ ಮುಂದೆ ಆಗಬಹುದಾದ ನಷ್ಟದ ಮುಂದೆ ಏನೂ ಅಲ್ಲ.

ಚಾಲೂ ಮಾಡುವ ಮೊದಲು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಬೇಕು. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಗಿರುವುದು ಸಾಮಾನ್ಯ, ಅದರಿಂದ ಹೆದರಬೇಕಾಗಿಲ್ಲ. ಆದರೆ ಎಣ್ಣೆ ಹಾಲು ಬೆರೆತಂತೆ ಇದ್ದರೆ ನೀರು ಸೇರಿದೆ ಎಂದರ್ಥ. ಎಂಜಿನ್ನು ತಣ್ಣಗಿರುವಾಗ ಮಾತ್ರ ರೇಡಿಯೇಟರಿನ ಮುಚ್ಚಳ ತೆಗೆದು, ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದೆಯೇ ಎಂದು ನೋಡಬೇಕು. ಇವೆರಡರಲ್ಲಿ ಯಾವುದು ಕಂಡರೂ ದೊಡ್ಡ ಖರ್ಚು ಕಾದಿದೆ.

ಎಂಜಿನ್ನು ಚಾಲೂ ಆದ ಮೇಲೆ ಹೊಗೆಯ ಬಣ್ಣ ಗಮನಿಸಬೇಕು. ನೀಲಿ ಹೊಗೆ ನಿರಂತರವಾಗಿ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಪಿಸ್ಟನ್ನಿನ ರಿಂಗು ಅಥವಾ ವಾಲ್ವಿನ ಸೀಲು ಸವೆದಿರಬಹುದು. ಏರಿನಲ್ಲಿ ದಟ್ಟವಾದ ಕಪ್ಪು ಹೊಗೆ ಬಂದರೆ ಇಂಜೆಕ್ಟರು ಅಥವಾ ಗಾಳಿ ಶೋಧಕದ ದೋಷವಿರಬಹುದು; ಇದು ಸಾಧಾರಣವಾಗಿ ಸರಿಪಡಿಸಬಹುದಾದದ್ದು. ಚಳಿಯಲ್ಲಿ ಚಾಲೂ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು.

ಅನಂತರ ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಜಾಗ್ರತೆಯಿಂದ ಸಡಿಲಿಸಬೇಕು. ತೆಳುವಾದ ಆವಿ ಬರುವುದು ಸಹಜ. ಆದರೆ ಹೊಗೆ ದಮ್ಮುದಮ್ಮಾಗಿ ಒತ್ತಿಕೊಂಡು ಬಂದರೆ ಸಿಲಿಂಡರುಗಳ ಬಿಗಿ ತಪ್ಪಿದೆ, ಬೋರಿನ ಕೆಲಸ ಹತ್ತಿರವಾಗಿದೆ ಎಂದು ತಿಳಿಯಬೇಕು. ಹೆಚ್ಚು ಗಂಟೆ ದುಡಿದ ಎಂಜಿನ್ನನ್ನು ಅಳೆಯಲು ಇದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆ ಕೊಳವೆಗೆ ಮಸಿ ಹಿಡಿಯುವ ಶೋಧಕವಿರುತ್ತದೆ. ಸದಾ ನಗರದ ನಿಧಾನ ಸಂಚಾರದಲ್ಲೇ ಓಡಿದ ಗಾಡಿಯಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ, ಬದಲಾಯಿಸುವ ಖರ್ಚೂ ಹೆಚ್ಚು. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಹೊತ್ತಿ, ಎಂಜಿನ್ನು ಚಾಲೂ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ದೀಪವನ್ನೇ ಕಿತ್ತಿರಬಹುದು. ಇಂಥ ಗಾಡಿಯನ್ನು ಗ್ಯಾರೇಜಿನ ಸ್ಕ್ಯಾನರಿಗೆ ಜೋಡಿಸಿ ದೋಷಗಳನ್ನು ಓದಿಸುವುದು ಒಳ್ಳೆಯದು.

ಛಾಸಿ, ಸ್ಪ್ರಿಂಗು ಮತ್ತು ಟೈರು

ಎಂಜಿನ್ನನ್ನು ರಿಪೇರಿ ಮಾಡಿಸಬಹುದು, ಮುರಿದ ಛಾಸಿಯನ್ನು ನಂಬುವಂತಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿದಾಗ ಒಂದು ಮಗ್ಗುಲಿಗೆ ವಾಲಿರಬಾರದು. ಕೆಳಗೆ ಮಲಗಿ, ಪ್ಲೇಟು ಸ್ಪ್ರಿಂಗುಗಳನ್ನು ಛಾಸಿಗೆ ಹಿಡಿದಿರುವ ಕೊಂಡಿಗಳ ಸುತ್ತ ಬ್ಯಾಟರಿ ಬೆಳಕು ಬಿಟ್ಟು ನೋಡಬೇಕು. ಭಾರದಿಂದ ಬಿರುಕು ಬಿಡುವ ಜಾಗ ಇದು. ಇಲ್ಲಿ ಹೊಸ ವೆಲ್ಡಿಂಗು, ಒತ್ತು ಕೊಟ್ಟ ಕಬ್ಬಿಣದ ಪಟ್ಟಿ ಅಥವಾ ಅಷ್ಟು ಜಾಗಕ್ಕೆ ಮಾತ್ರ ಬಳಿದ ಕಪ್ಪು ಬಣ್ಣ ಕಂಡರೆ ಆ ಗಾಡಿಯ ಆಸೆ ಬಿಡಬೇಕು. ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಸೇರಿಸಿದ್ದರೆ ಅದು ಅತಿಭಾರ ಹೊತ್ತ ಗುರುತು. ತುಕ್ಕು ಹಿಡಿದ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ತೂತು ಬಿದ್ದರೆ ಅದು ಮೇಲುತುಕ್ಕಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 3219 ಎಂದಿದ್ದರೆ 2019ರ 32ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೇಲೆ ಗುಂಡಿ ಚೆನ್ನಾಗಿದ್ದರೂ ಹಳೆಯದಾಗಿ ಬಿರುಕು ಬಿಟ್ಟ ಟೈರು ಅಪಾಯಕರ. ಮುಂದಿನ ಚಕ್ರಗಳಲ್ಲಿ ರೀಸೋಲ್ ಟೈರು ಬೇಡ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರದ ಜೋಡಣೆ ತಪ್ಪಿದೆ ಅಥವಾ ಗಾಡಿ ಎಲ್ಲೋ ಗುದ್ದಿಸಿಕೊಂಡಿದೆ. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಾಣಬಾರದು.

ಓಡಿಸಿ ನೋಡುವುದು

ಖಾಲಿ ಗಾಡಿಯನ್ನು ಬೀದಿಯ ಕೊನೆಯವರೆಗೆ ಓಡಿಸಿ ಬಂದರೆ ಏನೂ ತಿಳಿಯುವುದಿಲ್ಲ. ಸಾಧ್ಯವಾದರೆ ಅರ್ಧ ಭಾರವನ್ನಾದರೂ ಹೇರಿ, ಹಳೆಯ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆಯ ಕಡೆಗೆ ಹದಿನೈದು ಇಪ್ಪತ್ತು ಕಿ.ಮೀ. ಹೋಗಿಬರಬೇಕು. ನಗರದ ಇಕ್ಕಟ್ಟಿನಲ್ಲಿ ಕ್ಲಚ್ಚು, ಬ್ರೇಕು ಗೊತ್ತಾದರೆ, ತೆರೆದ ರಸ್ತೆಯಲ್ಲಿ ಎಂಜಿನ್ನಿನ ಎಳೆತ ಮತ್ತು ಹಿಂದಿನ ಡಿಫರೆನ್ಷಿಯಲ್ಲಿನ ಸದ್ದು ಗೊತ್ತಾಗುತ್ತದೆ. ಮೇಲ್ಸೇತುವೆಯ ಏರಿನಲ್ಲಿ ವೇಗ ಹೆಚ್ಚಿಸಿದಾಗ ಎಂಜಿನ್ನಿನ ಸದ್ದು ಏರಿ ಗಾಡಿ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಗೇರು ತಾನೇ ಕಳಚಿಕೊಳ್ಳಬಾರದು. ಬ್ರೇಕು ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯಬಾರದು. ಮರಳಿ ಬಂದ ಮೇಲೆ ಶಾಖದ ಮುಳ್ಳು ಎಲ್ಲಿದೆ ಎಂದು ನೋಡಿ, ಗಾಡಿ ನಿಂತ ಜಾಗದಲ್ಲಿ ಹದಿನೈದು ನಿಮಿಷದ ನಂತರ ಎಣ್ಣೆ, ನೀರು ತೊಟ್ಟಿಕ್ಕಿದೆಯೇ ಎಂದು ಪರೀಕ್ಷಿಸಬೇಕು.

ಕಾಗದ ಪತ್ರಗಳು: ಎಂಜಿನ್ನಿಗಿಂತ ಮುಖ್ಯ

ಕೆಟ್ಟ ಎಂಜಿನ್ನಿನಿಂದ ಆಗುವ ನಷ್ಟಕ್ಕೆ ಮಿತಿಯುಂಟು. ಕೆಟ್ಟ ಕಾಗದದಿಂದ ಆಗುವ ನಷ್ಟ ಜಮೀನಿನವರೆಗೂ ಹೋಗಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಕೆಳಗಿನವನ್ನು ನೋಡಬೇಕು.

ನೋಂದಣಿ: ಕೆಎ-03 ಎಂದರೆ ಬೆಂಗಳೂರು ಪೂರ್ವ, ಇದನ್ನು ಜನ ಇಂದಿರಾನಗರದ ಆರ್‌ಟಿಓ ಎಂದೇ ಕರೆಯುವುದುಂಟು. ಕೆಎ-53 ಕೆ.ಆರ್.ಪುರದ್ದು. ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಛಾಸಿ ಸಂಖ್ಯೆಯನ್ನು ಗಾಡಿಯ ಮೇಲೆ ಕೆತ್ತಿರುವುದರೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಗುಜರಿಯಿಂದ ತಂದ ಎಂಜಿನ್ನನ್ನು ಕೂರಿಸಿ ಆರ್‌ಸಿಯಲ್ಲಿ ನಮೂದಿಸದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅಂಥವನ್ನು ಎಷ್ಟು ಅಗ್ಗವಾದರೂ ಮುಟ್ಟಬಾರದು. ಗಾಡಿಯ ಸಂಖ್ಯೆ ಕೊಟ್ಟರೆ ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಂದಣಿ, ಎಫ್‌ಸಿ ಮತ್ತು ವಿಮೆಯ ಅವಧಿ ತಿಳಿಯುತ್ತದೆ. ಬಾಕಿ ಇರುವ ಸಂಚಾರ ದಂಡವನ್ನೂ ವಿಚಾರಿಸಬೇಕು.

ಸಾಲ: ಫೈನಾನ್ಸಿನ ಹೆಸರು ಆರ್‌ಸಿಯಲ್ಲಿ ಇದ್ದರೆ, ಸಾಲ ತೀರಿದ ಪತ್ರ ಮತ್ತು ಫಾರಂ 35 ಕೈಗೆ ಬಂದು ಆ ನಮೂದು ತೆಗೆಸುವವರೆಗೆ ಪೂರ್ತಿ ಹಣ ಕೊಡಬಾರದು. "ಕಂತು ನೀವೇ ಕಟ್ಟಿಕೊಂಡು ಹೋಗಿ" ಎಂಬ ಬಾಯಿಮಾತಿನ ವ್ಯಾಪಾರದಲ್ಲಿ ಗಾಡಿ ಕೊಂಡವನದೂ ಆಗುವುದಿಲ್ಲ, ಹಣವೂ ಉಳಿಯುವುದಿಲ್ಲ.

ಎಫ್‌ಸಿ: ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಯೋಗ್ಯತಾ ಪತ್ರ ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕ 2022ರ ಏಪ್ರಿಲಿನಿಂದ ಬಹಳ ಏರಿದೆ. ಆದ್ದರಿಂದ ಹನ್ನೆರಡು ಹದಿಮೂರು ವರ್ಷದ ಗಾಡಿ ಎಷ್ಟೇ ಅಗ್ಗವಾಗಿ ಕಂಡರೂ ಮುಂದಿನ ಶುಲ್ಕವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಭಾರ ಮತ್ತು ಪರ್ಮಿಟ್ಟು: ಸರಕು ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ಟು ಬೇಕಿಲ್ಲ. ಮೀರಿದರೆ ಬೇಕು. ಈ ತೂಕ ಆರ್‌ಸಿಯಲ್ಲೇ ಇರುತ್ತದೆ. ಒಂದೇ ಹೆಸರಿನ ಪಿಕಪ್ಪಿನಲ್ಲೂ ಬೇರೆ ಬೇರೆ ತೂಕದ ಮಾದರಿಗಳಿರುವುದರಿಂದ ಓದಿಯೇ ತಿಳಿಯಬೇಕು. ಅತಿಭಾರ ಹೇರಿದರೆ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ 20,000 ರೂ. ದಂಡ ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ಬೀಳುತ್ತದೆ.

ಹೊರರಾಜ್ಯದ ಗಾಡಿ: ತಮಿಳುನಾಡು, ಆಂಧ್ರದ ಸಂಖ್ಯೆಯ ಗಾಡಿ ಕಡಿಮೆ ಬೆಲೆಗೆ ಸಿಗಬಹುದು. ಅದಕ್ಕೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಎರಡನ್ನೂ ಕೂಡಿದ ಮೇಲೆ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯದು.

ವರ್ಗಾವಣೆ ಮತ್ತು ವಿಮೆ

ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಗಾಡಿ ಹೆಸರಿಗೆ ಬಂದಂತಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಗಾಡಿಯನ್ನು ಬೇರೆ ಕಚೇರಿಯ ವ್ಯಾಪ್ತಿಗೆ ಒಯ್ಯುವುದಿದ್ದರೆ ಯಾವ ಪತ್ರ ಬೇಕೆಂದು ಕಚೇರಿಯಲ್ಲೇ ಮುಂಚಿತವಾಗಿ ಕೇಳಿಕೊಳ್ಳಬೇಕು. ಆರ್‌ಸಿಯಲ್ಲಿ ಹೆಸರಿರುವ ಮಾಲೀಕನನ್ನು ಖುದ್ದಾಗಿ ಕಾಣದೆ ವ್ಯಾಪಾರ ಮುಗಿಸಬಾರದು.

ಇದು ಮಾರುವ ರೈತರಿಗೂ ಎಚ್ಚರಿಕೆಯ ಮಾತು. ಗಾಡಿ ಎಷ್ಟು ಕೈ ಬದಲಾಗಿದ್ದರೂ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ತಮ್ಮ ಹಳೆಯ ಗಾಡಿಯನ್ನು ಮಾರಿ ಹೆಸರು ಬದಲಾಯಿಸದೆ ಬಿಟ್ಟವರಿಗೆ, ಎಲ್ಲೋ ಯಾರೋ ಮಾಡಿದ ಅಪಘಾತದ ನೋಟೀಸು ಬರಬಹುದು.

ಗಾಡಿಯ ಜೊತೆಗೆ ಮೂರನೆಯವರ ವಿಮೆ ಕೊಂಡವನಿಗೆ ದಾಟುತ್ತದೆ. ಆದರೂ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಬೇಕು. ಗಾಡಿಗೇ ಆಗುವ ನಷ್ಟದ ವಿಮೆ ತಾನಾಗಿ ದಾಟುವುದಿಲ್ಲ. ವಿಮೆ ಮುಗಿದ ಗಾಡಿಯನ್ನು ಊರಿಗೆ ಓಡಿಸಿಕೊಂಡು ಹೋಗುವುದಂತೂ ಸರ್ವಥಾ ಕೂಡದು. ಆ ಒಂದೇ ಪ್ರಯಾಣದಲ್ಲಿ ಒಂದು ಜೀವ ಹೋದರೆ ಪರಿಹಾರದ ಹಣ ಮಾಲೀಕನ ಮನೆ, ಹೊಲದಿಂದಲೇ ವಸೂಲಾಗಬೇಕಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಪಿಕಪ್ಪು ಸರಕಿನ ಗಾಡಿ. ಸರಕಿನೊಡನೆ ಅದರ ಒಡೆಯನೋ ಅವನ ಪ್ರತಿನಿಧಿಯೋ ಹೋಗುವುದು ಬೇರೆ. ಕೊಯ್ಲಿನ ಕೂಲಿಯಾಳುಗಳನ್ನು, ಮದುವೆಯ ದಿಬ್ಬಣವನ್ನು ಹಿಂದೆ ತುಂಬಿಕೊಂಡು ಹೋದರೆ ಅವರಿಗೆ ಆ ವಿಮೆಯ ರಕ್ಷಣೆ ಇರುವುದಿಲ್ಲ. ಅಪಘಾತವಾದರೆ ಹೋಗುವುದು ನೆರೆಹೊರೆಯವರ ಜೀವ, ಪರಿಹಾರದ ಹೊಣೆ ಬೀಳುವುದು ಗಾಡಿಯ ಮಾಲೀಕನ ತಲೆಯ ಮೇಲೆ.

ಚಾಲನಾ ಪರವಾನಗಿಯ ಬಗ್ಗೆ ಇದ್ದ ಗೊಂದಲ ಈಗ ಪರಿಹಾರವಾಗಿದೆ. ಲಘು ಮೋಟಾರು ವಾಹನದ ಪರವಾನಗಿ ಇರುವವರು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಕೊಳ್ಳುವುದೋ, ಬಾಡಿಗೆಗೆ ಹಿಡಿಯುವುದೋ?

ಗಾಡಿ ಒಳ್ಳೆಯದಾದರೂ ಅದು ಈ ರೈತನಿಗೆ ಬೇಕೇ ಎಂಬುದು ಕೊನೆಯ ಪ್ರಶ್ನೆ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಹಿಡಿದವು. ಪ್ರತಿಯೊಬ್ಬರೂ ತಮ್ಮ ಊರಿನ ದರ ಹಾಕಿಕೊಳ್ಳಬೇಕು.

ಗಾಡಿಯ ಬೆಲೆ 3,00,000 ರೂ., ಕೊಂಡ ಕೂಡಲೇ ಮಾಡಿಸುವ ರಿಪೇರಿಗೆ 50,000 ರೂ., ಒಟ್ಟು 3,50,000 ರೂ. ಐದು ವರ್ಷದ ನಂತರ 1,50,000 ರೂಪಾಯಿಗೆ ಮಾರಿದರೆ ವರ್ಷಕ್ಕೆ ಬೆಲೆಯ ಇಳಿತ 40,000 ರೂ. ಹಾಕಿದ ಹಣಕ್ಕೆ ಶೇಕಡ 10ರಂತೆ ಬಡ್ಡಿ 35,000 ರೂ. ವಿಮೆ, ತೆರಿಗೆ, ಎಫ್‌ಸಿಗೆ 36,000 ರೂ. ಟೈರು ಮತ್ತು ರಿಪೇರಿಗೆ 45,000 ರೂ. ಒಟ್ಟು ವರ್ಷದ ಖರ್ಚು 1,56,000 ರೂ. ಗಾಡಿ ಓಡಲಿ, ನಿಲ್ಲಲಿ, ಇದರ ಬಹುಭಾಗ ಆಗಿಯೇ ತೀರುತ್ತದೆ.

ಇನ್ನು ಒಂದು ಸುತ್ತಿನ ಖರ್ಚು. ಹೋಗಿಬರುವ ದೂರ 120 ಕಿ.ಮೀ., ಲೀಟರಿಗೆ 12 ಕಿ.ಮೀ. ಎಂದರೆ 10 ಲೀಟರ್ ಡೀಸೆಲ್ಲು. ಲೀಟರಿಗೆ 90 ರೂ.ನಂತೆ 900 ರೂ. ಚಾಲಕನ ಕೂಲಿ ಮತ್ತು ಇತರೆ 700 ರೂ. ಒಟ್ಟು 1,600 ರೂ. ಇದೇ ಸುತ್ತಿಗೆ ಬಾಡಿಗೆ ಗಾಡಿ 3,000 ರೂ. ಕೇಳಿದರೆ ಸ್ವಂತ ಗಾಡಿಯಿಂದ ಉಳಿಯುವುದು 1,400 ರೂ. 1,56,000ವನ್ನು 1,400ರಿಂದ ಭಾಗಿಸಿದರೆ ಸುಮಾರು 112 ಸುತ್ತು ಬರುತ್ತದೆ.

ಅಂದರೆ ವರ್ಷಕ್ಕೆ 112 ಸುತ್ತಿಗಿಂತ ಹೆಚ್ಚು ಓಡಿಸುವ ಕೆಲಸವಿದ್ದರೆ ಮಾತ್ರ ಈ ಗಾಡಿ ಲಾಭ. ಎರಡು ಎಕರೆ ತರಕಾರಿ ಬೆಳೆದು ವರ್ಷಕ್ಕೆ ನಲವತ್ತು ಸಲ ಮಾರುಕಟ್ಟೆಗೆ ಹೋಗುವ ರೈತನಿಗೆ ಬಾಡಿಗೆಯೇ ಮೇಲು. ಆದರೆ ಅಂಥ ಮೂವರು ನೆರೆಯವರು ಕೂಡಿದರೆ 120 ಸುತ್ತಾಗಿ ಗಾಡಿಗೆ ತಕ್ಕ ಕೆಲಸ ಸಿಗುತ್ತದೆ. ಹೀಗೆ ಕೂಡಿ ಕೊಳ್ಳುವಾಗ ಗಾಡಿ ಯಾರ ಹೆಸರಿನಲ್ಲಿರಬೇಕು, ರಿಪೇರಿ ಮತ್ತು ಅಪಘಾತದ ಖರ್ಚು ಹೇಗೆ ಹಂಚಿಕೆಯಾಗಬೇಕು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳುವುದು ಸ್ನೇಹಕ್ಕೂ ಹಿತ.

ಕೊಂಡ ಮೇಲೆ

ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಮೇಲಿನ ಲೆಕ್ಕದಲ್ಲಿ ತೋರಿಸಿದಂತೆ ಏಳರಲ್ಲಿ ಒಂದು ಪಾಲನ್ನಾದರೂ ರಿಪೇರಿಗೆ ತೆಗೆದಿಡಬೇಕು. ಮೊದಲ ವಾರದಲ್ಲೇ ಎಂಜಿನ್ ಎಣ್ಣೆ, ಎಣ್ಣೆ ಮತ್ತು ಡೀಸೆಲ್ ಶೋಧಕ, ಗಾಳಿ ಶೋಧಕ, ರೇಡಿಯೇಟರ್ ನೀರು, ಬ್ರೇಕಿನ ಎಣ್ಣೆ ಮತ್ತು ಬೆಲ್ಟುಗಳನ್ನು ಬದಲಾಯಿಸಬೇಕು. ಹಿಂದಿನವನು ಮಾಡಿಸಿದ್ದೇನೆ ಎಂದರೂ ಹೊಸ ಲೆಕ್ಕ ಅಲ್ಲಿಂದಲೇ ಆರಂಭವಾಗಲಿ.

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಬಿಡಿಭಾಗಗಳು ಕಡಿಮೆ ಬೆಲೆಗೆ ಸಿಗುತ್ತವೆ. ಬಾಗಿಲು, ದೀಪದ ಚೌಕಟ್ಟು, ಆಸನ ಮುಂತಾದವನ್ನು ಅಲ್ಲಿ ಕೊಳ್ಳಬಹುದು. ಬ್ರೇಕು, ಸ್ಟೀರಿಂಗು, ಬೇರಿಂಗು ಮತ್ತು ರಬ್ಬರಿನ ಭಾಗಗಳನ್ನು ಹೊಸದಾಗಿಯೇ ಹಾಕಿಸಬೇಕು. ಹಳೆಯ ಭಾಗಕ್ಕೂ ರಸೀದಿ ಪಡೆಯುವುದು ಅವಶ್ಯ. ರಸೀದಿ ಇಲ್ಲದ ಮಾಲು ಯಾರದೋ ಕಳುವಿನ ಮಾಲಾಗಿರಬಹುದು.

ಸಾರಾಂಶ

1. ಮೀಟರಿನ ಕಿಲೋಮೀಟರಿನ ಜೊತೆಗೆ ದುಡಿದ ಗಂಟೆ ಮತ್ತು ಹೊತ್ತ ಭಾರವನ್ನು ವಿಚಾರಿಸಬೇಕು.
2. ತಣ್ಣಗಿರುವ ಎಂಜಿನ್ನನ್ನು ಬೆಳಿಗ್ಗೆ ಪರೀಕ್ಷಿಸಿ, ಭಾರ ಹೇರಿ ಓಡಿಸಿ ನೋಡಬೇಕು.
3. ಬಿರುಕು ಬಿಟ್ಟ ಅಥವಾ ಬೆಸುಗೆ ಹಾಕಿದ ಛಾಸಿಯ ಗಾಡಿ ಬೇಡ.
4. ಆರ್‌ಸಿ, ಸಾಲ, ಎಫ್‌ಸಿ ಮತ್ತು ವಿಮೆ ಸರಿಯಿರುವುದನ್ನು ಕಂಡ ಮೇಲೆಯೇ ಮುಂಗಡ ಕೊಡಬೇಕು. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು, ಗಾಡಿ ಕೈಗೆ ಬಂದ ದಿನಾಂಕ ಮತ್ತು ವೇಳೆಯನ್ನು ಬರೆಸಿಕೊಳ್ಳಬೇಕು.
5. ವರ್ಷಕ್ಕೆ ಎಷ್ಟು ಸುತ್ತು ಕೆಲಸವಿದೆ ಎಂದು ಎಣಿಸಿ, ಅನಂತರ ಕೊಳ್ಳುವ ನಿರ್ಧಾರ ಮಾಡಬೇಕು.

ಅಗ್ಗ ಸಿಕ್ಕಿತೆಂದು ಮುಗ್ಗಲು ಜೋಳ ಕೊಂಡವನಿಗೆ ಒಂದು ಹೊತ್ತಿನ ಊಟ ಕೆಡುತ್ತದೆ. ಅಗ್ಗ ಸಿಕ್ಕಿತೆಂದು ಕೆಟ್ಟ ಗಾಡಿ ಕೊಂಡವನಿಗೆ ಕೊಯ್ದ ಬೆಳೆ ದಾರಿಯಲ್ಲೇ ಕೆಡುತ್ತದೆ. ಒಂದು ಗಾಡಿಯನ್ನು ಬೇಡವೆಂದು ಬಿಟ್ಟು ಬರುವುದರಿಂದ ಆಗುವ ನಷ್ಟ ಒಂದು ದಿನದ ಬಸ್ಸು ಖರ್ಚು ಮಾತ್ರ. ರೈತರು ಆ ಖರ್ಚಿಗೆ ಹಿಂಜರಿಯದೆ ನಾಲ್ಕಾರು ಗಾಡಿಗಳನ್ನು ನೋಡಿ, ಸಾವಕಾಶವಾಗಿ ಆರಿಸಿದರೆ ಎರಡು ಲಕ್ಷ ಕಿ.ಮೀ. ಓಡಿದ ಗಾಡಿಯೂ ಇನ್ನೂ ಹಲವು ವರ್ಷ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸಬಲ್ಲದು.